ಹಿಂದಿನ ಕೋಣೆಯ ಎಸಿ

ಗ್ರೇಟರ್ ನೋಯ್ಡಾ
೧೦ ಮೇ ೨೦೨೬, ಭಾನುವಾರ

ಹರಿಣಿಗೆ ಅಪ್ಪನ ಆಶೀರ್ವಾದ.

ಪೆನ್ನು ಹಿಡಿದರೆ ನನ್ನ ಬೆರಳು ಮರಗಟ್ಟುತ್ತದೆ ಎಂದು ಗೊತ್ತಿದ್ದೂ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಬರೆದದ್ದೆಂದರೆ ಗೆಸ್ಟ್ ಹೌಸಿನ ಕಾರು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು, ಒಳಗೆ ಯಾವ ಸಾಹೇಬರಿದ್ದರು, ಅಷ್ಟೇ. "ಅಪ್ಪಾ, ಫೋನಲ್ಲಿ ನೀನು ಕೂಗ್ತೀಯ, ನನಗೆ ಬಿಪಿ ಏರುತ್ತೆ, ಹೇಳೋದಿದ್ರೆ ಬರೆದು ಕಳಿಸು, ಸಾಕು" ಎಂದು ಫೋನ್ ಇಟ್ಟುಬಿಟ್ಟೆ. ನಾನು ಕೂಗುವುದಿಲ್ಲ. ಜೀವಮಾನವಿಡೀ ದೆಹಲಿಯ ರಸ್ತೆಯಲ್ಲಿ ಕಾರು ಓಡಿಸಿದವನ ಗಂಟಲು ಇರುವುದೇ ಹೀಗೆ. ಇರಲಿ, ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಒತ್ತಕ್ಷರ ಬಂದಲ್ಲಿ ಹಾರಿಸಬೇಡ. ನಿನ್ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ನಿನಗೆ ಕನ್ನಡ ತಿದ್ದಿಸಿದ್ದು ಇಂಥ ದಿನಕ್ಕೇ ಇರಬೇಕು. ತಿಳಿಯದಿದ್ದರೆ ಇನ್ನೊಂದು ಸಲ ಓದು, ಗಂಡನಿದ್ದಾನೆ ಎಂದು ಮಹಂತೇಶನ ಕೈಯಲ್ಲಿ ಓದಿಸಬೇಡ. ಇದರಲ್ಲಿ ಅವನ ಅಮ್ಮನ ಬಗ್ಗೆ ಒಂದೆರಡು ಮಾತಿದೆ.

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ ಎಂದಿದ್ದೆ, ಇಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ. ಕಬ್ಬಿಣದ ಮಾತ್ರೆ ಹೊಟ್ಟೆ ತೊಳೆಸುತ್ತದೆ ಎಂದು ಗಂಡನಿಗೆ ಕಾಣದಂತೆ ಬಿಸಾಡುತ್ತಿದ್ದೀಯ ಎಂಬ ಅನುಮಾನ ನನಗಿದೆ, ಚಿಕ್ಕವಳಿದ್ದಾಗಲೂ ಹಾಗೇ ಮಾಡುತ್ತಿದ್ದೆ. ಮಹಂತೇಶನಿಗೆ ಫ್ಯಾಕ್ಟರಿಯಲ್ಲಿ ಇನ್ನೂ ರಾತ್ರಿ ಪಾಳಿಯೇನಾ? ಮಾನೇಸರಿನ ಆ ಫ್ಲ್ಯಾಟಿನಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ರಾತ್ರಿ ನೀನೊಬ್ಬಳೇ ಇರುತ್ತೀಯ ಎಂದರೆ ನನಗೆ ನಿದ್ದೆ ಬರುವುದಿಲ್ಲ. ಅದನ್ನು ಹೇಳಿದರೆ ನಾನು ಕೂಗುತ್ತೇನೆ ಅನ್ನುತ್ತೀಯ.

ನಿಮ್ಮತ್ತೆ ತಿಂಗಳ ಕೊನೆಗೆ ಬಂದು ನಿನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾರಂತೆ. ಒಳ್ಳೆಯವರೇ, ಅದರಲ್ಲಿ ಮಾತಿಲ್ಲ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲವಾ ಎಂದು ನಾನು ಕೇಳಿದ್ದಕ್ಕೆ, "ತವರು ಅಂದ್ರೆ ತಾಯಿ ಇರೋ ಮನೀರಿ" ಎಂದು ಮಗನ ಬಾಯಲ್ಲಿ ಹೇಳಿಸಿದರು. ನಿನ್ನಮ್ಮ ಸತ್ತು ಮೂರು ವರ್ಷವಾಯಿತು, ಅದು ನನಗೂ ಗೊತ್ತು. ಹಾಗಂತ ಈ ಮನೆ ನಿನಗೆ ಏನೂ ಅಲ್ಲದೆ ಹೋಯಿತಾ? ನೀನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಮೊಬೈಲಿಗೆ ಮೂರು ಪ್ರಶ್ನೆ ಕಳಿಸಿದೆ. ಎಸಿ ಸರಿಯಾಗಿದೆಯಾ. ಬಾಣಂತನ ಯಾರು ಮಾಡ್ತಾರೆ. ಹಿಂದಿನ ಕೋಣೆಯಲ್ಲಿ ನಾನಿರ್ತೀನಾ, ಅಮ್ಮನ ದೀಪ ಇರುತ್ತಾ.

ಮೊದಲ ಎರಡಕ್ಕೆ ಸರಿಯಾಗಿ ಉತ್ತರ ಬರೆಯುತ್ತೇನೆ. ಮೂರನೆಯದನ್ನು ಕೊನೆಗೆ ನೋಡೋಣ.

ಹೋದ ವರ್ಷ ಇದೇ ಮೇ ತಿಂಗಳಲ್ಲಿ ವಾರವಿರುತ್ತೇನೆ ಎಂದು ಬಂದವಳು ಮೂರನೇ ದಿನಕ್ಕೆ ಬ್ಯಾಗು ತುಂಬಿದೆ. ನೀನು ಎಸಿ ಹಾಕುವುದು, ಅದರ ಗಾಳಿಗೆ ಅದೇ ಗೋಡೆಯ ಕೆಳಗಿರುವ ಅಮ್ಮನ ಫೋಟೋದ ಮುಂದಿನ ದೀಪ ಆರುವುದು, ನಾನು ಬಂದು ಎಸಿ ಆರಿಸಿ ದೀಪ ಹಚ್ಚುವುದು. ಎರಡು ದಿನ ಇದೇ ನಡೆಯಿತು. ನೀನು ಹಾಲಿನ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಮಲಗಿದೆ. ಹೊರಡುವಾಗ "ಫೋಟೋಗೆ ಸೆಖೆ ಆಗಲ್ಲ ಅಪ್ಪಾ, ನನಗಾಗುತ್ತೆ" ಎಂದೆ. ಮರೆತಿಲ್ಲ. ನೀನು ಹೋದ ಮೇಲೆ ಒಂದು ವರ್ಷ ನಾನು ಆ ಎಸಿಯ ಸ್ವಿಚ್ಚು ಮುಟ್ಟಲಿಲ್ಲ. ಆಂಧಿಯ ಬಿರುಗಾಳಿ ಬಂದಾಗ ಧೂಳು ಹೊಕ್ಕೀತೆಂದು ಬಾಲ್ಕನಿಯಲ್ಲಿರುವ ಅದರ ಹೊರಗಿನ ಪೆಟ್ಟಿಗೆಗೆ ನನ್ನ ಹಳೇ ಅಂಬಾಸಡರ್ ಕಾರಿನ ಹೊದಿಕೆ ಹೊದಿಸಿ ಹಗ್ಗ ಬಿಗಿದಿದ್ದೆ. ಗಾಡಿ ನಿಂತರೆ ಹೊದಿಸಬೇಕು, ನಾನು ಕಲಿತದ್ದು ಅದು.

ನಿನ್ನ ಪ್ರಶ್ನೆ ಬಂದ ದಿನ ಸ್ವಿಚ್ಚು ಹಾಕಿದೆ. ಎಸಿ ಗುರ್ರೆಂದಿತು, ಬಿಸಿಗಾಳಿ ಉಗುಳಿತು, ಸ್ವಲ್ಪ ಹೊತ್ತಿಗೆ ಬಾಲ್ಕನಿಯ ಪೆಟ್ಟಿಗೆ ಸತ್ತಂತೆ ನಿಂತಿತು. ಹೊದಿಕೆ ಬಿಚ್ಚಿರಲೇ ಇಲ್ಲ. ಒಳಗಿನ ಬಿಸಿಯನ್ನು ಹೊರಗೆ ದಬ್ಬುವ ಯಂತ್ರಕ್ಕೆ ಕಂಬಳಿ ಹೊದಿಸಿ ಓಡು ಅಂದರೆ ಓಡುತ್ತದಾ? ಬಿಚ್ಚಿ ನೋಡಿದರೆ ಹಿಂಭಾಗದ ಜಾಲರಿ ಥೇಟ್ ಕಾರಿನ ರೇಡಿಯೇಟರ್ ಇದ್ದ ಹಾಗೇ ಇತ್ತು, ತೆಳ್ಳಗಿನ ತಗಡಿನ ಎಸಳುಗಳು, ನಡುವೆ ಹೊದಿಸುವ ಮುಂಚೆಯೇ ಕೂತಿದ್ದ ಧೂಳು. ರೇಡಿಯೇಟರ್ ತೊಳೆಯುವುದು ನನಗೆ ಹೇಳಿಕೊಡಬೇಕಾ? ಕೆಳಗೆ ಕಾರು ತೊಳೆಯುವ ಭಯ್ಯಾನ ಹತ್ತಿರ ಜೋರಾಗಿ ನೀರು ಹೊಡೆಯುವ ಪೈಪು ಇಸಿದುಕೊಂಡು ಬಂದು ಹೊಡೆದೆ. ಧೂಳೇನೋ ಹೋಯಿತು. ಎಸಳುಗಳೂ ಮಡಚಿಕೊಂಡು ಒಂದರ ಮೇಲೊಂದು ಅಂಟಿ ಮಲಗಿದವು. ರೇಡಿಯೇಟರ್ ಗಟ್ಟಿ ಪಿಂಡ, ಇದು ಎಲೆಯಷ್ಟು ಮೆತ್ತಗೆ. ಇದಕ್ಕೆ ಮೆತ್ತನೆಯ ಬ್ರಷ್ಷು, ಮೇಲಿನಿಂದ ಸಣ್ಣಗೆ ಸುರಿಯುವ ನೀರು, ಅಷ್ಟೇ ಸಾಕಂತೆ. ನಿಮ್ಮ ಮನೆಯದಕ್ಕೂ ಅಷ್ಟೇ, ಮಹಂತೇಶ ಫ್ಯಾಕ್ಟರಿಯ ಕಂಪ್ರೆಸರ್ ಗಾಳಿ ತಂದು ಹೊಡೆಯುತ್ತೇನೆ ಅಂದರೆ ಬಿಡಬೇಡ.

ಆಮೇಲೆ ಮೆಕ್ಯಾನಿಕ್ಕನ್ನು ಕರೆಸಿದೆ. ಮೊದಲು ಬಂದವನು ಮುಚ್ಚಳ ಕೂಡ ತೆಗೆಯದೆ "ಗ್ಯಾಸ್ ಖತಂ" ಎಂದ. ಇಂಥವರನ್ನು ನಾನು ಹೆದ್ದಾರಿಯ ಗ್ಯಾರೇಜುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ, ಬಾನೆಟ್ ಎತ್ತುವ ಮುಂಚೆ ಇಂಜಿನ್ ಇಳಿಸಬೇಕು ಅನ್ನುವ ಜಾತಿ. ಗ್ಯಾಸು ಪೆಟ್ರೋಲಲ್ಲವಲ್ಲ, ಓಡಿದ ಹಾಗೆ ಖರ್ಚಾಗಲು. ಎಲ್ಲಿ ಸೋರಿದೆ ತೋರಿಸು, ಆಮೇಲೆ ತುಂಬು ಎಂದೆ. ತಲೆ ಕೆರೆದುಕೊಂಡು ಹೋದ. ಎರಡನೆಯವನ ಹೆಸರು ಅನೂಪ್. ಅವನು ಮೊದಲು ಮೇನ್ ಸ್ವಿಚ್ಚು ಇಳಿಸಿದ, ಆಮೇಲೆ ಮುಚ್ಚಳ ತೆಗೆದ. ಗ್ಯಾಸು ಸರಿಯಾಗಿಯೇ ಇತ್ತು. ಮಡಚಿದ ಎಸಳುಗಳನ್ನು ಒಂದು ಉಕ್ಕಿನ ಬಾಚಣಿಗೆಯಲ್ಲಿ ಬಾಚಿ ನೆಟ್ಟಗೆ ಮಾಡಿದ. ಬಾಚುತ್ತ ಬಾಚುತ್ತ "ಅಂಕಲ್‌ಜೀ, ಇದಕ್ಕೆ ಯಾವ ದೊಡ್ಡ ಇಂಜಿನಿಯರ್ ನೀರು ಹೊಡೆದದ್ದು?" ಎಂದು ಕೇಳಿದ. ನಿನ್ನ ಕೆಲಸ ನೋಡು ಎಂದೆ.

ಒಳಗಿನ ಫಿಲ್ಟರ್ ತೆಗೆದಾಗ ಅವನ ನಗು ನಿಂತಿತು. ಧೂಳು ಬೂದುಬಣ್ಣಕ್ಕಿರುತ್ತದೆ, ಇದು ಕಾಡಿಗೆಯಷ್ಟು ಕಪ್ಪು, ಮುಟ್ಟಿದರೆ ಜಿಡ್ಡು. "ಇಲ್ಲೇನು ಬೀಡಿ ಸೇದೋರ ಹಾಸ್ಟೆಲ್ ಇತ್ತಾ ಅಂಕಲ್‌ಜೀ?" ಎಂದ. ಇಲ್ಲ, ನನ್ನ ಹೆಂಡತಿ ಇದ್ದಾಳೆ ಎಂದೆ. ಅವನು ಕೆಳಗೆ ನೋಡಿದ. ಫೋಟೋ ಇತ್ತು, ದೀಪ ಉರಿಯುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಎಣ್ಣೆ ದೀಪದ ಹೊಗೆ ನೇರ ಮೇಲಕ್ಕೆ ಹೋಗುತ್ತದೆ, ಮೇಲೆ ಗಾಳಿ ಎಳೆದುಕೊಳ್ಳುವ ಯಂತ್ರ ಇದೆ, ಆರಿಸಿಟ್ಟಿದ್ದರೂ ಜಿಡ್ಡು ಹೋಗಿ ಕೂರುವುದು ಅಲ್ಲೇ. ಫಿಲ್ಟರ್ ಕಟ್ಟಿದರೆ ಗಾಳಿ ಆಡುವುದಿಲ್ಲ, ಗಾಳಿ ಆಡದಿದ್ದರೆ ಒಳಗೆ ಮಂಜು ಕಟ್ಟುತ್ತದೆ, ಅದು ಕರಗಿದರೆ ಗೋಡೆಯ ಮೇಲೆ ನೀರಿಳಿಯುತ್ತದೆ. ಹೋದ ವರ್ಷ ನಿನ್ನ ಹಾಸಿಗೆ ಮೇಲೆ ನೀರು ತೊಟ್ಟಿಕ್ಕಿದ್ದು ಅದಕ್ಕೇ ಇರಬೇಕು. ಮೇಲಿನ ಮನೆಯವರ ಬಾತ್‌ರೂಮು ಸೋರುತ್ತಿದೆ ಎಂದು ನಾನು ಹೋಗಿ ಅವರ ಹತ್ತಿರ ಜಗಳ ಮಾಡಿ ಬಂದಿದ್ದೆ. ಅವರು ಇವತ್ತಿಗೂ ಲಿಫ್ಟಿನಲ್ಲಿ ನನ್ನ ಮುಖ ನೋಡುವುದಿಲ್ಲ. ನೀರು ಹೊರಗೆ ಹೋಗುವ ಸಣ್ಣ ಪೈಪಿನಲ್ಲೂ ಪಾಚಿ ಕಟ್ಟಿತ್ತು, ಊದಿ ತೆಗೆದ. ಹೋಗುವಾಗ "ಮಾತಾಜಿಯನ್ನ ಬೇರೆ ಗೋಡೆಗೆ ಕೂರಿಸಿ, ಇಲ್ಲದಿದ್ರೆ ಮುಂದಿನ ತಿಂಗಳು ಮತ್ತೆ ನನ್ನನ್ನೇ ಕರೀಬೇಕು" ಎಂದ. ಅವನ ಕೆಲಸ ಒಪ್ಪವಾಗಿತ್ತು ಎಂದು ದುಡ್ಡು ಕೊಟ್ಟು ಕಳಿಸಿದೆ, ಇಲ್ಲದಿದ್ದರೆ ಆ ಮಾತಿಗೆ ಮೆಟ್ಟಿಲಿಳಿಸುತ್ತಿದ್ದೆ.

ಈಗ ನಾನೇ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಬೇಕೆಂದು ಇಟ್ಟುಕೊಂಡಿದ್ದೇನೆ. ಮೇನ್ ಸ್ವಿಚ್ಚು ಇಳಿಸಿ, ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಸೋಪು ಹಾಕಿ, ಕೈಯಲ್ಲೇ ತೊಳೆದು ನೆರಳಿನಲ್ಲಿ ಒಣಗಿಸುವುದು. ಇಲ್ಲಿಯ ಬಿಸಿಲಿಗೆ ಹಾಕಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಒದ್ದೆಯಿರುವಾಗಲೇ ಸಿಕ್ಕಿಸಿದರೆ ಮುಗ್ಗಲು ವಾಸನೆ ಹೊಡೆಯುತ್ತದೆ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿಸಿದೆ. ನಿನ್ನೆ ಮಧ್ಯಾಹ್ನ ಹೊರಗೆ ಲೂ ಬಿಸಿಗಾಳಿ ಬೀಸುತ್ತಿದ್ದಾಗ ಇಪ್ಪತ್ತಾರಕ್ಕೆ ಇಟ್ಟು, ಫ್ಯಾನು ಸಣ್ಣಗೆ ತಿರುಗಿಸಿ ಬಾಗಿಲು ಮುಚ್ಚಿದೆ. ಕೋಣೆ ಹಿತವಾಗಿ ತಂಪಾಯಿತು. ನೀನು ಮಾಡುವ ಹಾಗೆ ಹದಿನೆಂಟಕ್ಕೆ ಒತ್ತಿದರೆ ಬೇಗ ತಂಪಾಗುತ್ತದೆ ಅನ್ನುವುದು ಸುಳ್ಳು. ಸುಮ್ಮನೆ ಯಂತ್ರ ದಣಿಯುತ್ತದೆ. ಸುಳ್ಳು ಭರವಸೆ ಕೊಡುವುದಿಲ್ಲ, ಕರೆಂಟು ಹೋದಾಗ ಸೊಸೈಟಿಯ ಜನರೇಟರ್ ಮೇಲೆ ಎಸಿ ಓಡುವುದಿಲ್ಲ, ಫ್ಯಾನು ಮಾತ್ರ. ಆದರೆ ಬಾಗಿಲು ತೆಗೆಯದಿದ್ದರೆ ಒಂದು ಗಂಟೆ ತಂಪು ಉಳಿಯುತ್ತದೆ, ಕೂತು ನೋಡಿದ್ದೇನೆ.

ಎರಡನೇ ಪ್ರಶ್ನೆ, ಬಾಣಂತನ. ಕೆಳಗಿನ ಮನೆಯ ಸೀತಮ್ಮ ಮಾಡುತ್ತಾರೆ. ಅವರ ಯಜಮಾನರು ನಾರ್ತ್ ಬ್ಲಾಕಿನ ಸರ್ಕಾರಿ ಕಚೇರಿಯಲ್ಲಿ ಕ್ಲಾರ್ಕಾಗಿದ್ದರು, ನಿನಗೆ ಗೊತ್ತಲ್ಲ, ಪ್ರತಿ ಸಂಕ್ರಾಂತಿಗೆ ಎಳ್ಳು ತಂದುಕೊಟ್ಟು ನೀನು ದಪ್ಪಗಾಗಿದ್ದೀಯ ಅಂತಾರಲ್ಲ, ಅವರೇ. ಇಬ್ಬರು ಸೊಸೆಯರ ಬಾಣಂತನ ಇಲ್ಲೇ ದೆಹಲಿಯ ಸೆಖೆಯಲ್ಲಿ ಮಾಡಿದವರು. ಆದರೆ ಎಸಿ ಎಂದ ಕೂಡಲೇ ಕಿವಿ ಮುಚ್ಚಿಕೊಂಡರು. "ಬಾಣಂತೀನ ಕೋಲ್ಡ್ ಸ್ಟೋರೇಜಿಗೆ ಹಾಕ್ತೀರಾ ಜಗನ್ನಾಥಣ್ಣ? ಶೀತ ತಲೆಗೇರಿದ್ರೆ ನೀವು ಬಂದು ಇಳಿಸ್ತೀರಾ?" ಎಂದು ಜಗಳಕ್ಕೇ ನಿಂತರು. ನಾನೂ ನಿಂತೆ. ನಲವತ್ತೈದು ಡಿಗ್ರಿಯಲ್ಲಿ ಕಿಟಕಿ ಮುಚ್ಚಿ ಹಸುಗೂಸನ್ನು ಬೇಯಿಸುವುದೂ ಶಾಸ್ತ್ರದಲ್ಲಿದೆಯಾ ಎಂದು ಕೇಳಿದೆ. ಕೊನೆಗೆ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಿದೆವು. ಕೋಣೆ ಮೊದಲೇ ತಂಪು ಮಾಡಿಟ್ಟುಕೊಳ್ಳುವುದು, ಎಸಿಯ ರೆಕ್ಕೆ ಮೇಲ್ಮುಖ ಮಾಡಿ ಗಾಳಿ ನಿನಗಾಗಲಿ ಮಗುವಿಗಾಗಲಿ ನೇರ ತಾಗದಂತೆ ಇಡುವುದು. ಎಣ್ಣೆನೀರಿನ ಹೊತ್ತಿಗೆ ಆರಿಸುವುದು. ಸಾಂಬ್ರಾಣಿ ಹೊಗೆ ಮಾತ್ರ ಆ ಕೋಣೆಯಲ್ಲಿ ಬೇಡ, ಹಾಲಿನಲ್ಲಿ ಕಿಟಕಿ ತೆರೆದು ಹಾಕಿ ಎಂದೆ, ಆ ಜಿಡ್ಡೂ ಫಿಲ್ಟರಿಗೇ ಹೋಗುವುದಲ್ಲವಾ. ಅದಕ್ಕೆ ಸೀತಮ್ಮ, "ಹೆಂಗಸರ ಬಾಣಂತನಕ್ಕೆ ಎಸಿ ಮೆಕ್ಯಾನಿಕ್ಕಿನ ಅಪ್ಪಣೆ ಬೇಕಾಯ್ತು ನೋಡಿ" ಎಂದು ಮೂಗು ಮುರಿದರು. ಆದರೂ ಒಪ್ಪಿದ್ದಾರೆ. ಖಾರದ ಪುಡಿಗೆ ಮೆಣಸು, ಶುಂಠಿ ತರಿಸಿಯೂ ಇಟ್ಟಿದ್ದಾರೆ.

ಆಸ್ಪತ್ರೆ ಇಲ್ಲಿಂದ ಹತ್ತಿರ. ಎದುರು ಮನೆಯವರ ಕಾರಿನ ಕೀ ನನಗೆ ಯಾವಾಗ ಬೇಕಾದರೂ ಕೊಡುತ್ತಾರೆ. ದಾರಿಯಲ್ಲಿ ಹಳ್ಳ ಎಲ್ಲಿದೆ, ಸ್ಪೀಡ್ ಬ್ರೇಕರ್ ಎಲ್ಲಿದೆ ಎಂದು ಒಮ್ಮೆ ಓಡಿಸಿ ನೋಡಿಕೊಂಡು ಬಂದೆ. ದೊಡ್ಡ ದೊಡ್ಡ ಸಾಹೇಬರನ್ನು ಕೂರಿಸಿಕೊಂಡು ಹೋದಾಗಲೂ ನಾನು ಮೊದಲೇ ಹೋಗಿ ದಾರಿ ನೋಡಿದವನಲ್ಲ.

ಸಾಕಾಯಿತು. ಈ ಬಿಸಿಲು, ಈ ಯಂತ್ರ, ಈ ಬರವಣಿಗೆ, ಎಲ್ಲ ಸಾಕಾಗಿದೆ. ನನಗೆ ಜಗಳವಾಡುವ ಶಕ್ತಿಯೂ ಮೊದಲಿನ ಹಾಗಿಲ್ಲ, ಅದನ್ನು ನಿಮ್ಮತ್ತೆಗೆ ಹೇಳಬೇಡ. ಮಹಂತೇಶನಿಗೆ ನನ್ನ ಆಶೀರ್ವಾದ. ಹೊಟ್ಟೆಯಲ್ಲಿರುವುದಕ್ಕೂ. ಮಾತ್ರೆ ನುಂಗು.

ಇತಿ,
ನಿನ್ನ ಅಪ್ಪ
ಜಗನ್ನಾಥ

ಮ.ವಿ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಮೂರನೇ ಪ್ರಶ್ನೆ. ಫೋಟೋ, ದೀಪ ಎರಡನ್ನೂ ಬುಧವಾರ ಅಡುಗೆಮನೆಗೆ ತಂದೆ, ಅಕ್ಕಿ ಡಬ್ಬದ ಮೇಲಿನ ಹಲಗೆಗೆ. ಹಗಲೆಲ್ಲ ಅವಳು ಇರುತ್ತಿದ್ದದ್ದೂ ಅಲ್ಲೇ, ಹಿಂದಿನ ಕೋಣೆಗೆ ಬರುತ್ತಿದ್ದದ್ದು ಮಲಗಲಿಕ್ಕೆ ಮಾತ್ರ. ಆವತ್ತು ಸಂಜೆ ಬೆಂಕಿಪೊಟ್ಟಣ ಹಿಡಿದು ಹಿಂದಿನ ಕೋಣೆಗೇ ಹೋಗಿ ಬರೀ ಗೋಡೆಯ ಮುಂದೆ ನಿಂತೆ, ಆಮೇಲೆ ಈಚೆಗೆ ಬಂದು ಹಚ್ಚಿದೆ. ಇಲ್ಲಿ ಗಾಳಿಯಿಲ್ಲ, ನೆಟ್ಟಗೆ ಉರಿಯುತ್ತದೆ. ಗೋಡೆಯ ಮೇಲೆ ಹೊಗೆಯ ಕಪ್ಪು ಗುರುತು ಹಾಗೇ ಇದೆ. ಬಣ್ಣದ ವಾಸನೆ ಈಗ ನಿನಗೆ ಬೇಡ ಎಂದು ಹೊಡೆಸಿಲ್ಲ, ಅದೊಂದನ್ನು ನೀನು ಸಹಿಸಿಕೊಳ್ಳಬೇಕು. ಕೋಣೆ ಖಾಲಿ ಇದೆ. ಬರುತ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ತಿಳಿಸು.