ವಯರಿನ ಟೋಪಿ, ಹಳೆಯ ಕ್ಯಾಸೆಟ್

ಸಿದ್ಧಕಟ್ಟೆ
18-1-2004

ಫರ್ಹಾನಳ ಬಾಪಾ ಅವರಿಗೆ ಶಾಹಿದಾಳ ಸಲಾಂ.

ನಿಮ್ಮ ಕಾಗದ ಸಿಕ್ಕಿ ಮೂರು ವಾರವಾಯಿತು. ತಡವಾದದ್ದಕ್ಕೆ ಬೈಯಬೇಡಿ. ನಿಮ್ಮ ಉಮ್ಮನಿಗೆ ಮೊಣಕಾಲು ನೋವು. ಬೀಡಿ ಬ್ರಾಂಚಿನವರು ಒಂದು ವಾರ ಎಲೆಯೇ ಕೊಡದೆ, ಆಮೇಲೆ ರಾಶಿ ಎಲೆ ಕೊಟ್ಟು ನಾಳೆಯೇ ಬೀಡಿ ತನ್ನಿ ಅಂದರು. ಹೀಗೆ ನೂರೆಂಟು ಕಾರಣ. ದಮಾಮಿನಲ್ಲಿ ಚಳಿ ಅಂತ ಬರೆದಿದ್ದೀರಿ. ನಾನು ಕಳಿಸಿದ ಸ್ವೆಟರ್ ಪೆಟ್ಟಿಗೆಯಲ್ಲೇ ಇರಬೇಕು, ನಿಮ್ಮನ್ನು ನನಗೆ ಗೊತ್ತಿಲ್ಲವೇ?

ಈಗ ನೀವು ಸಿಟ್ಟು ಮಾಡಿಕೊಂಡ ವಿಷಯ. "ತಲೆಗೆ ವಯರ್ ಹಾಕಿ ಪರೀಕ್ಷೆ ಮಾಡಲಿಕ್ಕೆ ನನ್ನ ಮಗಳೇನು ಕಪ್ಪೆಯಾ?" ಅಂತ ಕೇಳಿದ್ದೀರಿ. ನಿಮ್ಮ ಕಾಗದ ಬರುವಾಗ ಎಲ್ಲ ಮುಗಿದಿತ್ತು. ಮೂಡುಬಿದಿರೆಯ ವಿಶೇಷ ಶಾಲೆಗೆ ಡಾಕ್ಟರ್ ಶಶಿಪ್ರಭಾ ಎರಡು ವಾರಕ್ಕೆ ಯಂತ್ರ ತಂದಿದ್ದರು. ನಾನೂ ಅವರಲ್ಲಿ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ ಕೇಳಿದ್ದು. ಅವರು ನಕ್ಕರು.

"ಇದು ಮದ್ದಲ್ಲ ಶಾಹಿದಾ, ಗುಣ ಮಾಡ್ತೇನೆ ಅಂತ ನಾನು ಹೇಳುವುದಿಲ್ಲ. ಆಟಿಸಂ ಇರುವ ಈ ಪ್ರಾಯದ ಮಕ್ಕಳ ಮೆದುಳು ದನಿಯನ್ನು ಹೇಗೆ ಗುರುತು ಹಿಡಿಯುತ್ತದೆ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ. ಅದನ್ನು ತಿಳಿಯಲಿಕ್ಕೆ ಬಂದದ್ದು. ಅವಳಿಗೆ ಬೇಡ ಅಂತ ಕಂಡರೆ ಅರ್ಧದಲ್ಲೇ ಎದ್ದು ಹೋಗಬಹುದು."

ಗೊತ್ತಿಲ್ಲ ಅಂತ ಒಪ್ಪಿಕೊಂಡ ಡಾಕ್ಟರನ್ನು ಈ ಹದಿನೈದು ವರ್ಷದಲ್ಲಿ ನಾನು ಮೊದಲ ಸಲ ನೋಡಿದ್ದು. ಹಾಗಾಗಿ ಸಹಿ ಹಾಕಿದೆ.

ಮೊದಲ ದಿನ ಏನಾಯಿತು ಕೇಳಿ. ತಲೆ ಚೆನ್ನಾಗಿ ತೊಳೆದು, ಎಣ್ಣೆ ಸ್ವಲ್ಪವೂ ಹಾಕದೆ ಕರೆದುಕೊಂಡು ಬರಬೇಕು ಅಂದಿದ್ದರು. ಎರಡು ಸಲ ಶಾಂಪೂ ಹಾಕಿ ತೊಳೆದೆ. ನಾನು ಬುರ್ಖಾ ಹಾಕಲು ಒಳಗೆ ಹೋದದ್ದೇ ತಡ, ನಿಮ್ಮ ಉಮ್ಮ ಬಾಟ್ಲಿಯ ಅರ್ಧ ತೆಂಗಿನೆಣ್ಣೆಯನ್ನು ಮಗುವಿನ ನೆತ್ತಿಗೆ ತಟ್ಟಿ, ಮೇಲೆ ಶಾಲು ಕಟ್ಟಿ, ಏನೂ ತಿಳಿಯದವರ ಹಾಗೆ ಕೂತಿದ್ದರು! ಮೂಡುಬಿದಿರೆಯಲ್ಲಿ ಶಾಲು ತೆಗೆದರೆ ತಲೆ ಮಿರಮಿರ ಮಿಂಚುತ್ತಿದೆ. ವಯರಿನ ಟೋಪಿಯ ಗುಂಡಿಗಳು ಒಂದೂ ನಿಲ್ಲದೆ ಜಾರಿದವು. ಮನೆಗೆ ಬಂದು ಕೇಳಿದರೆ ನಿಮ್ಮ ಉಮ್ಮನ ಉತ್ತರ ಇದು: "ಕರೆಂಟಿನ ವಯರ್ ಅಲ್ಲವಾ ಮಾರಾಯ್ತಿ, ತಲೆ ತಂಪಿರಲಿ ಅಂತ ಹಾಕಿದ್ದು. ಒಣ ತಲೆಯಲ್ಲಿ ಹೆಣ್ಣುಮಗುವನ್ನು ಊರಿಡೀ ತಿರುಗಿಸ್ತೀಯಾ ನೀನು?" ಬೈಯುವುದೋ ನಗುವುದೋ ತಿಳಿಯಲಿಲ್ಲ.

ಎರಡನೆಯ ಸಲ ನಾನೇ ಕಾವಲು ಕೂತೆ. ಆ ಕೋಣೆಯಲ್ಲಿ ಹೆಂಗಸರು ಮಾತ್ರ ಇದ್ದರು. ಡಾಕ್ಟರ್ ಆ ಟೋಪಿಯನ್ನು ಮೊದಲು ನನ್ನ ತಲೆಗೆ ಹಾಕಿದರು, ಅವಳು ನೋಡಲಿ ಅಂತ. ಬಟ್ಟೆಯ ಟೋಪಿ, ತುಂಬಾ ಗುಂಡಿ, ಒಂದೊಂದಕ್ಕೂ ಒಂದು ವಯರ್. ಫರ್ಹಾನ ಹತ್ತಿರ ಬಂದು ಪ್ರತಿ ಗುಂಡಿಯನ್ನೂ ಬೆರಳಲ್ಲಿ ಮುಟ್ಟಿದಳು. ಮುಗಿಸಿ ಮತ್ತೆ ಮೊದಲಿನಿಂದ ಮುಟ್ಟಿದಳು. ಆಮೇಲೆ ತಾನಾಗಿಯೇ ತಲೆ ಬಗ್ಗಿಸಿ ನಿಂತಳು. ಉಗುರು ಕತ್ತರಿಸಲೂ ಬಿಡದ ಹುಡುಗಿ!

ಪರೀಕ್ಷೆ ಇಷ್ಟೇ. ಮೂರು ದನಿಗಳು ಅವಳ ಹೆಸರು ಕರೆಯುತ್ತವೆ. ಒಂದು ಮನೆಯಲ್ಲಿರುವವರದ್ದು, ಅಂದರೆ ನಾನು. ಒಂದು ಗುರುತೇ ಇಲ್ಲದ ಒಬ್ಬ ನರ್ಸಿನದ್ದು. ಇನ್ನೊಂದು ದೂರದಲ್ಲಿರುವ ಮನೆಯವರದ್ದು. ನಿಮ್ಮ ದನಿ ಎಲ್ಲಿಂದ ತರುವುದು? ಹಿಂದಿನ ರಜೆಯಲ್ಲಿ ನೀವು ಕರೆದು ಕರೆದು, ಅವಳು ಒಮ್ಮೆಯೂ ತಿರುಗದಿದ್ದಾಗ, "ನಾನು ಮನೆಯಲ್ಲಿದ್ದರೂ ಒಂದೇ, ದಮಾಮಿನಲ್ಲಿದ್ದರೂ ಒಂದೇ ಇವಳಿಗೆ" ಅಂದಿರಿ. ಆಮೇಲೆ ಫೋನಿನಲ್ಲಿ ಅವಳಿಗೆ ಕೊಡು ಅಂತ ಹೇಳುವುದನ್ನೇ ಬಿಟ್ಟಿರಿ. ಕೊನೆಗೆ ತೊಂಬತ್ತಾರರಲ್ಲಿ ನೀವು ಮಾತು ತುಂಬಿಸಿ ಕಳಿಸಿದ ಕ್ಯಾಸೆಟನ್ನು ಒಯ್ದೆ. ಸಂಜೆಯ ಅಸರ್ ನಮಾಜಿನ ನಂತರ ಫರ್ಹಾನ ದಿನವೂ ಹಾಕುವುದು ಅದನ್ನೇ. ಅದರ ಚಕ್ರ ತಿರುಗುವುದನ್ನು ನೋಡುವ ಹುಚ್ಚು ಅಂತ ನಾವೆಲ್ಲ ತಿಳಿದಿದ್ದೆವು.

ಫಲಿತಾಂಶ ತೋರಿಸಲು ಡಾಕ್ಟರ್ ಒಪ್ಪಲಿಲ್ಲ. "ಎಲ್ಲ ಮಕ್ಕಳದ್ದು ಸೇರಿಸಿ ನೋಡಬೇಕು, ಒಬ್ಬಳದ್ದು ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ" ಅಂದರು. ನಾನು ಬಿಡುತ್ತೇನೆಯೇ? ತಲೆ ತಿಂದು ತೋರಿಸಿಕೊಂಡೆ. ಕಂಪ್ಯೂಟರಿನಲ್ಲಿ ನರ್ಸಿನ ದನಿಗೆ ಗೆರೆ ತಣ್ಣಗೆ ಹೋಗಿತ್ತು. ನಿಮ್ಮ ದನಿಗೆ ಎದ್ದಿತ್ತು, ಕಣ್ಣಿಗೆ ಕಾಣುವಷ್ಟು. ಆ ಹೊತ್ತಿಗೆ ಅವಳು ಮುಖ ಎತ್ತಿರಲಿಲ್ಲ, ಕೈಯಲ್ಲಿದ್ದ ಬೀಡಿ ನೂಲಿನ ಉಂಡೆಯನ್ನೂ ಬಿಟ್ಟಿರಲಿಲ್ಲ. ಆದರೆ ಕೇಳಿದ್ದಾಳೆ. ತಿರುಗದೆಯೂ ಕೇಳಬಹುದು ಅಂತ ನಮಗೆ ಹೊಳೆಯಲೇ ಇಲ್ಲವಲ್ಲ! ಆ ತಲೆಯೊಳಗೆ ಇನ್ನು ಏನೆಲ್ಲ ಉಂಟೋ ಅಂತ ಈಗ ಬೀಡಿ ಕಟ್ಟುವಾಗಲೂ ಅದೇ ಯೋಚನೆ.

ಏಪ್ರಿಲಿನಲ್ಲಿ ಇನ್ನೊಂದು ಸಲ ಉಂಟು. ನಿಮ್ಮ ಈಗಿನ ದನಿ ಬೇಕಂತೆ. ಬೆಳುವಾಯಿಯ ನವಾಝ್ ಊರಿಗೆ ಬರುವಾಗ ಅವನ ಕೈಯಲ್ಲಿ ಹೊಸ ಕ್ಯಾಸೆಟ್ ಕಳಿಸಿ. ಫೋನಿನಲ್ಲೂ ಅವಳೊಡನೆ ಮಾತಾಡಿ. ಅವಳು ಸುಮ್ಮನಿದ್ದರೂ ಫೋನ್ ಇಡಬೇಡಿ.

ಅಲ್ಲಾಹು ನಿಮ್ಮನ್ನು ಕಾಯಲಿ. ಸ್ವೆಟರ್ ಹಾಕಿ.

ನಿಮ್ಮ
ಶಾಹಿದಾ

ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ತಡವಾದದ್ದು ಮೊಣಕಾಲಿನಿಂದಲ್ಲ, ಬೀಡಿಯಿಂದಲೂ ಅಲ್ಲ. ಆ ಕಂಪ್ಯೂಟರಿನಲ್ಲಿ ನನ್ನ ದನಿಯ ಗೆರೆಯೂ ಇತ್ತು. ನನ್ನದೂ ಆ ನರ್ಸಿನದ್ದೂ ಒಂದೇ ಹಾಗೆ ಇದ್ದವು. "ದಿನವಿಡೀ ಕೇಳುವ ದನಿಗೆ ಹಾಗಾಗುವುದೋ ಏನೋ, ನಮಗಿನ್ನೂ ಗೊತ್ತಿಲ್ಲ" ಅಂದರು ಡಾಕ್ಟರ್. ಗೊತ್ತಿಲ್ಲ ಅಂದದ್ದಕ್ಕೆ ಅವತ್ತು ಅವರ ಮೇಲೆ ಸಿಟ್ಟು ಬಂತು. ಹದಿನೈದು ವರ್ಷ ಉಣಿಸಿದ್ದು, ಮೀಯಿಸಿದ್ದು ನಾನು. ಗೆರೆ ಎದ್ದದ್ದು ನಿಮಗೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಕ್ಯಾಸೆಟನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟೆ. ಅಸರ್ ಆದ ಮೇಲೆ ಅವಳು ಟೇಪ್‌ರೆಕಾರ್ಡರಿನ ಎದುರು ಬಂದು ಕೂತಳು. ಅತ್ತಿಲ್ಲ, ಕೇಳಿಲ್ಲ, ಸುಮ್ಮನೆ ಕೂತಳು. ಮೂರು ದಿನ ಹಾಗೆಯೇ. ನಾಲ್ಕನೆಯ ದಿನ ನಾನೇ ತಂದು ಹಾಕಿದೆ.

ಹೊಸ ಕ್ಯಾಸೆಟಿನಲ್ಲಿ ಅವಳ ಹೆಸರನ್ನು ಮೂವತ್ತು ಸಲ ಹೇಳಬೇಕಂತೆ. ಜಾಗ ಉಳಿದರೆ ನನ್ನದನ್ನೂ ಒಂದು ಸಲ ಹೇಳಿ.