ಪೆಟ್ಟಿಗೆ ಸೇರಿದ ಅಪ್ಪ

ನವೆಂಬರ್ ೧೨, ಬುಧವಾರ

ಕಾಲು ಪದ ಹೇಳುತ್ತಿವೆ. ಮ್ಯೂಸಿಯಮ್ಮಿನ ಅತಿ ಹಳೆಯ ಫೋಟೋ ಪಕ್ಕದಲ್ಲಿ ಇಡೀ ದಿನ ನಿಂತು, ಬಂದವರಿಗೆಲ್ಲ ಕಪ್ಪು ಪರದೆ ಎತ್ತಿ ತೋರಿಸಿ ಇಳಿಸುವುದೇ ಕೆಲಸ. ಬೆಳಕು ಬಿದ್ದಷ್ಟೂ ಫೋಟೋ ಮಾಸುತ್ತದೆ, ಅದಕ್ಕೇ ಪರದೆ. ಎದುರಿಗಿರುವ ಐದು ಸಾವಿರ ವರ್ಷದ ಮಡಕೆ ಮಾತ್ರ ದೀಪದಡಿ ಗುಂಡುಕಲ್ಲಿನ ಹಾಗೆ ಕೂತಿದೆ. "ಇಷ್ಟೇನಾ?" ಅಂದರು ಒಬ್ಬರು. ಇಷ್ಟೇ ಸ್ವಾಮಿ, ಒಂದು ಕಿಟಕಿ, ಯಾರದೋ ಅರ್ಧ ಮುಖ.

ಆ ಬುದ್ಧಿಯನ್ನೇ ಮನೆಗೂ ತಂದೆ. ಅಪ್ಪನದು ಉಳಿದಿರುವುದು ಒಂದೇ ಫೋಟೋ. ಬಿಸಿಲಿಗೆ ಬಿಳಿಚುತ್ತಿದೆ ಎಂದು ಹೋದ ವಾರ ಗೋಡೆಯಿಂದ ಇಳಿಸಿ, ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಇವತ್ತು ಅಮ್ಮ ಊಟಕ್ಕೆ ಬಡಿಸುತ್ತಾ ಕೇಳಿದಳು.

"ಈಗ ಅದು ಎಷ್ಟು ವರ್ಷ ಬಾಳುತ್ತೆ?"

"ಇನ್ನೂರು ವರ್ಷ ಬೇಕಾದ್ರೂ ಇರುತ್ತಮ್ಮ."

"ಆಗ ಅವರ ಗುರುತು ಯಾರಿಗಿರುತ್ತೆ? ನನ್ನ ಕಣ್ಣು ಇನ್ನೆರಡು ವರ್ಷ ಕಂಡರೆ ಹೆಚ್ಚು."

ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಬಂದು, ಕೈಗವಸು ಗಿವಸು ಏನೂ ಇಲ್ಲದೆ ಫೋಟೋ ಹೊರಗೆ ತೆಗೆದೆ. ಮೊಳೆ ಗೋಡೆಯಲ್ಲೇ ಇತ್ತು, ಅದಕ್ಕೇ ತೂಗುಹಾಕಿದೆ. ನಾಳೆ ಬೆಳಗ್ಗೆ ಏಳು ಗಂಟೆಗೆ ಫೋಟೋ ಮೇಲೆ ಬಿಸಿಲು ಬೀಳುತ್ತದೆ. ಬೀಳಲಿ. ಅಷ್ಟೊತ್ತಿಗೆ ಅಮ್ಮ ಎದ್ದಿರುತ್ತಾಳೆ.