ಡಬ್ಬಿಗಳಿಂದ ಕಿತ್ತ ಪದಗಳು

ಭಾನುವಾರ, ೯ನೇ ತಾರೀಖು

ಪ್ರೀತಿಯ ಮಗಳೇ,

ನೀನಿಲ್ಲದ ಹೊತ್ತಿನಲ್ಲಿ ನಿನ್ನ ಮನೆಯಲ್ಲಿ ಕಳವಾಗಿದೆ. ಕಳ್ಳ ನಾನೇ. ಅಡುಗೆಮನೆಯ ಇಪ್ಪತ್ತೆರಡು ಡಬ್ಬಿಗಳ ಮೇಲೆ ನೀನು ಅಂಟಿಸಿದ್ದ ಹೆಸರಿನ ಚೀಟಿಗಳನ್ನೆಲ್ಲ ಕಿತ್ತಿದ್ದೇನೆ. ಇವತ್ತಿನ ಚಹಾಕ್ಕೆ ಉಪ್ಪು ಬಿದ್ದದ್ದೇ ಅದಕ್ಕೆ ಸಿಕ್ಕ ಶಿಕ್ಷೆ. ಕಾಗದ ಎರಡು ವಾರ ತಡವಾದದ್ದಕ್ಕೂ ಆ ಚೀಟಿಗಳೇ ಕಾರಣ, ಆಟದಲ್ಲಿ ಪುರುಸೊತ್ತಾಗಲಿಲ್ಲ.

ನೀನು ತರಬೇತಿಗೆ ಹೊರಡುವ ಹಿಂದಿನ ದಿನ ಶಾಲೆಯ ಮೇಡಂ ಹೇಳಿದ್ದರಲ್ಲ: "ಈ ತಿಂಗಳೊಳಗೆ ಮಗು ಕ್ಲಾಸಲ್ಲಿ ಬಾಯಿ ಬಿಡದಿದ್ರೆ ಮತ್ತೆ ಒಂದನೇ ಕ್ಲಾಸಲ್ಲೇ ಕೂರಿಸ್ಬೇಕಾಗುತ್ತೆ." ಬಸ್ಸಿನ ಕಿಟಕಿಯಲ್ಲಿ ನೀನು ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ನಿನ್ನಪ್ಪ ಕೈಕಟ್ಟಿ ಕೂರುತ್ತಾನೆಯೇ?

ಆಟ ಸರಳ. ಚೀಟಿಗಳನ್ನು ಟೋಪಿಗೆ ಹಾಕಿ ಕುಲುಕುವುದು, ಎರಡನ್ನು ಎತ್ತುವುದು, ಎರಡನ್ನೂ ಸೇರಿಸಿ ಕಥೆ ಕಟ್ಟುವುದು. ಮೊನ್ನೆ ನಿನ್ನ ಮಗಳ ಪಾಲಿಗೆ ಸಾಸಿವೆ, ಸಕ್ಕರೆ ಬಂದವು. "ಸಾಸಿವೆಗೆ ಸಿಟ್ಟು ಬಂದ್ರೆ ಚಟಪಟ ಅಂತ ಹಾರುತ್ತೆ. ಸಕ್ಕರೆ ಪಾಪ ಅಳೋ ಹಾಗೇ ಇಲ್ಲ ತಾತ, ಅತ್ರೆ ಕರಗೋಗುತ್ತೆ" ಅಂದಳು! ನನಗೆ ಅಕ್ಕಿ, ಮೆಣಸು ಬಂದವು. ಈ ಪದವೀಧರನಿಗೆ ಒಂದು ಪದವೂ ಹೊಳೆಯಲಿಲ್ಲ. "ತಾತ ಔಟ್!" ಎಂದು ಕೂಗಿ ನನ್ನನ್ನು ಪದಚ್ಯುತಗೊಳಿಸಿದಳು.

ಶುಕ್ರವಾರ ಮೇಡಂ ಗೇಟಿನ ಹತ್ತಿರ ತಡೆದರು. "ಏನ್ ಮಾಯ ಮಾಡಿದ್ರಿ ಸಾರ್? ಇವತ್ತು ಅವಳನ್ನ ಸುಮ್ಮನಿರಿಸೋದೇ ಕಷ್ಟ ಆಯ್ತು!" ನಾನು ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ. "ಎಲ್ಲಾ ನಮ್ಮ ಟ್ರೈನಿಂಗು" ಅಂದೆ.

ನೀನು ನಿಶ್ಚಿಂತೆಯಿಂದ ಕಲಿತು ಬಾ. ಹೊಟ್ಟೆ ತುಂಬ ಉಣ್ಣು, ಕಣ್ತುಂಬ ಮಲಗು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಮೇಡಂಗೆ ಹೇಳಿದ್ದು ಸುಳ್ಳು. ಮೊದಲ ವಾರ ಮಗು ಬಾಯಿ ತೆರೆದಾಗಲೆಲ್ಲ ನಾನು ಪದಪದವನ್ನೂ ತಿದ್ದಿದೆ. ಅದು ಮತ್ತೆ ಮುಚ್ಚಿಕೊಂಡಿತು. ಎಂಟನೇ ದಿನ ಅವಳೇ ಟೋಪಿ ಕಸಿದುಕೊಂಡು, "ನೀನು ತಪ್ಪು ತಪ್ಪು ಅನ್ನಲ್ಲ ಅಂದ್ರೆ ಮಾತ್ರ ಆಡ್ತೀನಿ" ಅಂದಳು. ನಾನು ಮಾಡಿದ್ದು ಇಷ್ಟೇ, ಬಾಯಿ ಮುಚ್ಚಿಕೊಂಡದ್ದು.

ಅವತ್ತು ನಿನ್ನ ಕಾಗದ ನೆನಪಾಯಿತು. ಹತ್ತು ವರ್ಷದ ನೀನು ಹಾಸ್ಟೆಲಿನಿಂದ ಬರೆದಿದ್ದೆ: ಇಲ್ಲಿ ಭಯ ಆಗುತ್ತೆ, ಬಂದು ಕರ್ಕೊಂಡು ಹೋಗಪ್ಪ, ಅಂತ. ನಾನು ಅದರಲ್ಲಿ ಹನ್ನೊಂದು ತಪ್ಪು ತಿದ್ದಿ, ಕೆಳಗೆ 'ಅಕ್ಷರ ದುಂಡಗಿರಲಿ' ಎಂದು ಬರೆದು, ಅದೇ ಹಾಳೆಯನ್ನು ನಿನಗೇ ವಾಪಸ್ ಅಂಚೆಗೆ ಹಾಕಿದೆ. ನಾನು ಮಾತ್ರ ಬರಲಿಲ್ಲ.